ಚಲೋ ಗಿಡ ಯಾರ್ರೀ ಪುಕ್ಕಟೆ ಕೊಡ್ತಾರೆ?

ಮನೆಯಲ್ಲಿ ಗುಲಾಬಿ ಗಿಡ ಜಾಸ್ತಿಯಾಗಿವೆ, ಬೇಕಾದವರು ಬಂದು ಒಯ್ಯಬಹುದು ಅಂತ ನಾಲ್ಕು ಜನರ ಕಿವಿಗೆ ಹಾಕಿದ್ದೆ. ಹಾಲಿನಂಗಡಿಯಲ್ಲಿ, ಸಂತೆಯಲ್ಲಿ, ಬೆಳಿಗ್ಗೆ ವಾಕಿಂಗ್ ಹೋಗುವ ಪಾರ್ಕಿನಲ್ಲಿ. ಬಂದವರಲ್ಲಿ ಹೆಚ್ಚಿನವರು ಗಿಡ ನೋಡುವ ಮೊದಲು ನನ್ನ ಮುಖ ನೋಡಿದರು. ಒಬ್ಬರು ರೇಟು ಕೇಳಿದರು. ರೇಟಿಲ್ಲ ಅಂದದ್ದು ಅವರಿಗೆ ಸಮಾಧಾನ ಕೊಡಲಿಲ್ಲ. ಇನ್ನೊಬ್ಬರು ‘ಮನೆ ಖಾಲಿ ಮಾಡ್ತೀರೇನ್ರಿ?’ ಅಂದರು. ಮೋಕಾ ರೋಡಿನ ಕಡೆಯಿಂದ ಬಂದಿದ್ದ ಒಬ್ಬ ಹಿರಿಯರು ಸುತ್ತಿ ಬಳಸದೆ ಕೇಳಿಬಿಟ್ಟರು: ‘ಚಲೋ ಗಿಡ ಯಾರ್ರೀ ಪುಕ್ಕಟೆ ಕೊಡ್ತಾರ?’ ನನಗೆ ಸಣ್ಣಗೆ ಸಿಟ್ಟು ಬಂತು. ಆಮೇಲೆ ಆ ಮಾತು ತಲೆಯಿಂದ ಹೋಗಲೇ ಇಲ್ಲ. ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ನನಗೆ ಬೇಡವಾದದ್ದು ಇನ್ನೊಬ್ಬರಿಗೆ ಯಾಕೆ ಬೇಕಾಗಬೇಕು? ಹಳೇ ಸೀರೆ, ಪಾತ್ರೆ ಕೊಡುವಾಗ ಈ ಪ್ರಶ್ನೆ ಇಷ್ಟು ಚುಚ್ಚುವುದಿಲ್ಲ. ಸೀರೆ ಒಯ್ದವರು ಅದಕ್ಕೆ ದಿನಾ ನೀರು ಹಾಕಬೇಕಾಗಿಲ್ಲ.

ಈ ಗಿಡಗಳು ನಾನು ಕೊಂಡವಲ್ಲ. ಅತ್ತಿಗೆ ಬಳ್ಳಾರಿ ಬಿಟ್ಟು ಮಗನ ಮನೆಗೆ, ಬೆಂಗಳೂರಿಗೆ ಹೊರಟಾಗ ಆಕೆಯ ತಾರಸಿಯ ಕುಂಡಗಳೆಲ್ಲ ಒಂದು ಟಾಟಾ ಏಸ್ ಗಾಡಿಯಲ್ಲಿ ನಮ್ಮ ಅಂಗಳಕ್ಕೆ ಬಂದು ಇಳಿದವು. ‘ನಿನಗೆ ಗಿಡ ಅಂದ್ರೆ ಇಷ್ಟ ಅಲ್ವಾ’ ಅಂದಳು. ಇಷ್ಟ ಹೌದು. ಆದರೆ ಇಷ್ಟ ಇದೆ ಅನ್ನುವ ಒಂದೇ ಕಾರಣಕ್ಕೆ ಒಬ್ಬರ ಮನೆಗೆ ಒಂದು ಗಾಡಿ ಕೆಲಸ ಬಂದು ಬೀಳುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಯಾವ ಗಿಡಕ್ಕೆ ಏನು ತೊಂದರೆ, ಯಾವುದು ಹೂ ಬಿಡುತ್ತೆ, ಯಾವುದು ಬಿಡಲ್ಲ, ಒಂದನ್ನೂ ಹೇಳಲಿಲ್ಲ. ಹೋಗುವಾಗ ಕಣ್ಣೊರೆಸಿಕೊಂಡಳು. ಕಣ್ಣೀರು ಹಾಕಿ ಕೊಟ್ಟದ್ದನ್ನು ಹೇಗೆ ಬೇಡ ಅನ್ನೋದು?

ನೀರಿನ ಲೆಕ್ಕ

ಬಳ್ಳಾರಿಯ ಬಿಸಿಲಿನ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇನಲ್ಲಿ ಪಾದರಸ 40 ದಾಟಿದ ಮೇಲೆ ಕುಂಡದ ಗುಲಾಬಿಗೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನದ ಹೊತ್ತಿಗೆ ಇರುವುದಿಲ್ಲ. ಸಂಜೆ ಮತ್ತೆ ಹಾಕಬೇಕು. ನಲ್ಲಿ ನೀರು ಯಾವ ದಿನ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಅನ್ನುವುದರ ಮೇಲೆ ನಮ್ಮ ಮನೆಗಳ ವೇಳಾಪಟ್ಟಿ ನಿಂತಿದೆ. ಬೋರಿನ ನೀರು ಹಾಕಿದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಎಲೆಯ ತುದಿ ಸುಡುತ್ತದೆ. ಹಾಗಾಗಿ ಕುಡಿಯುವ ನೀರಿನಲ್ಲೇ ಗುಲಾಬಿಗೂ ಪಾಲು. ತುಂಗಭದ್ರಾ ಕಾಲುವೆ ನೀರು ಕೆರೆಗೆ ಬಂದು, ಅಲ್ಲಿಂದ ನಲ್ಲಿಗೆ ಬರುವ ಊರು ಇದು. ಅಲ್ಲೀಪುರ ಕೆರೆಯಲ್ಲಿ ನೀರೆಷ್ಟಿದೆ ಅನ್ನುವುದು ನಮಗೆ ಮನೆ ವಿಷಯ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿ ಹೋದ ದಿನ ನೆನಪಿದೆ ಅಲ್ವಾ? ತುಂಬಿದ ಡ್ಯಾಮಿನಿಂದ ನೀರು ಹೋಗುತ್ತಲೇ ಇತ್ತು. ಗದ್ದೆಯವರು ಎರಡನೇ ಬೆಳೆ ಹೋಯಿತು ಅಂತ ಕೂತರು. ನಾನು ಅಂಗಳದಲ್ಲಿ ನಿಂತು ಕುಂಡಗಳನ್ನು ನೋಡುತ್ತಿದ್ದೆ. ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ಮಳೆಯೂ ಬಂತು, ಡ್ಯಾಮ್ ಮತ್ತೆ ತುಂಬಿತು. ಆದರೆ ಆ ವಾರ ಹಾಕಿದ ಲೆಕ್ಕ ಮನಸ್ಸಿನಿಂದ ಅಳಿಸಲಿಲ್ಲ. ನಾನು ದಿನಾ ಹೊರುತ್ತಿದ್ದ ಬಕೆಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನನಗೆ ಪ್ರೀತಿ ಇಲ್ಲದ ಗಿಡಗಳಿಗೆ ಹೋಗುತ್ತಿದ್ದವು. ಕೊಟ್ಟುಬಿಡೋಣ ಅನಿಸಿದ್ದು ಆಗಲೇ.

ಅದಕ್ಕೇ ಗಿಡ ಬೇಕು ಅಂತ ಬಂದವರನ್ನು ನಾನು ಹೂ ಇಷ್ಟಾನಾ ಅಂತ ಕೇಳುವುದಿಲ್ಲ. ಹೂ ಯಾರಿಗೆ ಇಷ್ಟ ಇಲ್ಲ? ನನ್ನ ಪ್ರಶ್ನೆ ಬೇರೆ. ಮೇ ತಿಂಗಳಲ್ಲಿ ಊರಲ್ಲಿರ್ತೀರಾ? ರಜೆಗೆ ಎಲ್ಲರೂ ಮನೆ ಬೀಗ ಹಾಕಿ ಹೋಗ್ತೀರಾ? ಮಧ್ಯಾಹ್ನದ ಮೇಲೆ ನೆರಳು ಬೀಳುವ ಜಾಗ ಇದೆಯಾ? ಈ ಪ್ರಶ್ನೆಗಳಿಗೆ ಎಷ್ಟೋ ಜನ ನಕ್ಕು, ಆಮೇಲೆ ಯೋಚಿಸಿ, ‘ಹಂಗಾದ್ರ ಬ್ಯಾಡ ಬಿಡ್ರಿ’ ಅಂತ ವಾಪಸು ಹೋದರು. ಅವರ ಮೇಲೆ ನನಗೆ ಗೌರವ ಜಾಸ್ತಿಯಾಯಿತು.

(ಮಲ್ಲಿಗೆ ಬಳ್ಳಿ ಯಾರಿಗೂ ಜಾಸ್ತಿಯಾದದ್ದು ನಾನು ಕಂಡಿಲ್ಲ. ಹೂವಿನಹಡಗಲಿಯ ಮಲ್ಲಿಗೆ ನೋಡಿ, ಇದೇ ಬಿಸಿಲಲ್ಲೇ ಬೆಳೆದು ಹೆಸರು ಮಾಡಿದೆ. ಬೇಸಿಗೆ ಬಂತು ಅಂದರೆ ಅದಕ್ಕೆ ಹಬ್ಬ. ಗುಲಾಬಿಗೆ ಅದೇ ಬೇಸಿಗೆ ಗಂಡಾಂತರ. ಈ ಊರಲ್ಲಿ ಗುಲಾಬಿ ಬೆಳೆಯುವುದರಲ್ಲಿ ಸ್ವಲ್ಪ ಹಟ ಇದೆ ಅಂತ ನನಗೆ ಯಾವಾಗಲೂ ಅನಿಸಿದೆ.)

ಕೊರೆ ನೋಡುವ ಕಣ್ಣು

ಮೋಕಾ ರೋಡಿನ ಆ ಹಿರಿಯರು ಸಿರುಗುಪ್ಪ ಕಡೆ ಭತ್ತ ಬೆಳೆದವರು. ಈಗ ಮಗನ ಹೊಸ ಮನೆಯ ಕಾಂಪೌಂಡು ನೋಡಿಕೊಂಡು ಇದ್ದಾರೆ. ಕೆಂಪು ಗ್ಲಾಡಿಯೇಟರ್ ಗುಲಾಬಿ ಕೊಡುತ್ತೇನೆ ಅಂತ ನಾನು ಮುಂದೆ ಮಾಡಿದೆ. ಅವರು ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ಕುಕ್ಕುರುಗಾಲಲ್ಲಿ ಕೂತು ಬುಡದ ಮಣ್ಣು ಬೆರಳಲ್ಲಿ ಸರಿಸಿದರು. ಕಸಿಯ ಗಂಟು ಎಲ್ಲಿದೆ ಅಂತ ಹುಡುಕಿದರು. ಉಗುರಿನಿಂದ ಕಾಂಡವನ್ನು ಒಂದು ಕಡೆ ಕೆರೆದು, ಒಳಗೆ ಹಸಿರು ಇದೆಯೋ ಕಂದು ಇದೆಯೋ ನೋಡಿದರು. ಎಲೆ ತಿರುಗಿಸಿ ಕೆಳಮುಖ ಬಿಸಿಲಿಗೆ ಹಿಡಿದರು. ಎತ್ತು ಕೊಳ್ಳುವವರು ಜಾತ್ರೆಯಲ್ಲಿ ಹಲ್ಲು, ಗೊರಸು, ಸುಳಿ ನೋಡುತ್ತಾರಲ್ಲ, ಹಾಗೆ. ಆಮೇಲೆ ಎದ್ದು ನಿಂತು, ‘ಇದರ ಕೊರಿ ಏನೈತಿ, ನೀವೇ ಹೇಳ್ರಿ ಮೊದಲ’ ಅಂದರು.

ಕೊರೆ ಅಂದರೆ ಊನ, ದೋಷ. ನಾನು ಹೇಳಿದೆ. ಬೇಸಿಗೆಯಲ್ಲಿ ಎಲೆ ಕೆಳಗೆ ನುಸಿ ಬರುತ್ತದೆ. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ‘ಅದು ಎರಿ ಮಣ್ಣಿಂದ್ರಿ. ಅನ್ನಭೇದಿ ಹಾಕೀರೇನು?’ ಕಬ್ಬಿಣದ ಕೊರತೆಗೆ ಹಾಕುವ ಆ ಉಪ್ಪನ್ನು ಹಾಕಿದ್ದೆ, ಬುಡಕ್ಕೆ. ಅವರು ತಲೆ ಅಲ್ಲಾಡಿಸಿದರು. ಅವರ ಪ್ರಕಾರ ಎರೆಯಲ್ಲಿ ಬುಡಕ್ಕೆ ಹಾಕಿದ ಅನ್ನಭೇದಿ ಮಣ್ಣಿಗೆ ಊಟ, ಗಿಡಕ್ಕಲ್ಲ. ಮಾತು ಸರಿಯೇ. ನಮ್ಮ ಕಪ್ಪು ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಕ್ಷಾರ ಹೆಚ್ಚು. ಪಿಎಚ್ 8ರ ಆಸುಪಾಸು, ಕೆಲವು ಕಡೆ ಅದಕ್ಕೂ ಮೇಲೆ. ಗುಲಾಬಿಗೆ ಹಿಡಿಸುವುದು ಸ್ವಲ್ಪ ಹುಳಿ ಇರುವ ಮಣ್ಣು. ಕಬ್ಬಿಣ ಮಣ್ಣಿನಲ್ಲಿ ಇದ್ದರೂ ಬೇರಿಗೆ ಸಿಗದ ಹಾಗೆ ಕಟ್ಟಿಹಾಕಿಕೊಳ್ಳುತ್ತದೆ. ತೆಳ್ಳಗೆ ಕರಗಿಸಿ ಎಲೆಗೆ ಸಿಂಪಡಿಸಿದರೆ ಕೆಲಸ ಮಾಡುತ್ತದೆ. ಇಷ್ಟೆಲ್ಲ ಮಾತಾದ ಮೇಲೆ ಅವರು ಗ್ಲಾಡಿಯೇಟರ್ ಒಯ್ದರು. ಪಕ್ಕದ ಎರಡನ್ನು ಮುಟ್ಟಲೂ ಇಲ್ಲ. ಒಂದರ ಕಾಂಡದ ಮೇಲೆ ಬಿಳಿ ಹೊಟ್ಟಿನ ಪದರ ಕಂಡು, ‘ಇದನ್ನ ಯಾರಿಗೂ ಕೊಡಬ್ಯಾಡ್ರಿ’ ಅಂತ ಹೇಳಿ ಹೋದರು.

ಅದು ಶಲ್ಕ ಕೀಟ. ಹೊಟ್ಟಿನ ಕೆಳಗೆ ಕೂತು ರಸ ಹೀರುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಎರಡನೆಯ ಗಿಡವನ್ನು ಕುಂಡದಿಂದ ಎತ್ತಿ ನೋಡಿದಾಗ ಬೇರಿನ ತುಂಬ ಗಂಟು. ಅದು ಕಣ್ಣಿಗೆ ಕಾಣದ ಜಂತುಹುಳದ ಕೆಲಸ. ಅಂಥ ಗಿಡ ಕೊಟ್ಟರೆ ಗಿಡದ ಜೊತೆ ಹುಳವನ್ನೂ ಕೊಟ್ಟ ಹಾಗೆ, ಮಣ್ಣನ್ನೂ ಕೆಡಿಸಿದ ಹಾಗೆ. ಎರಡನ್ನೂ ಕಿತ್ತು ಒಣಗಿಸಿ ಸುಟ್ಟೆ. ಆ ಕುಂಡದ ಮಣ್ಣನ್ನೂ ಬೇರೆ ಗಿಡಕ್ಕೆ ಹಾಕಲಿಲ್ಲ. ಪಕ್ಕದ ಮನೆಯವರು ಗೋಡೆಯಾಚೆಯಿಂದ ನೋಡಿ, ‘ಜೀವ ಇರೋ ಗಿಡ ಸುಡಬಾರದ್ರಿ, ಯಾರಿಗಾದರೂ ಕೊಟ್ಟಿದ್ದರ ಆಗ್ತಿತ್ತು’ ಅಂದರು. ಒಳ್ಳೆಯ ಮನಸ್ಸಿನ ಮಾತೇ. ಆದರೆ ನನಗೆ ಇಡೀ ವಿಷಯ ತಿಳಿಯಾದದ್ದು ಆ ಮಾತಿನಿಂದ. ನಾವು ಎಷ್ಟೋ ಗಿಡ ಕೊಡುವುದು ಕೊಡಬೇಕು ಅಂತಲ್ಲ. ನಮ್ಮ ಕೈಯಿಂದ ಸಾಯಬಾರದು ಅಂತ. ಸಾಯುವ ಕೆಲಸ ಇನ್ನೊಬ್ಬರ ಅಂಗಳದಲ್ಲಿ ನಡೆಯಲಿ, ಪಾಪ ಅವರ ಲೆಕ್ಕಕ್ಕೆ ಹೋಗಲಿ, ದಾನದ ಪುಣ್ಯ ನಮಗಿರಲಿ. ಇದು ದಾನ ಹೇಗಾಗುತ್ತದೆ?

ಬೇಡವಾದದ್ದರಲ್ಲೂ ಜಾತಿ ಬೇರೆ ಬೇರೆ

ರೋಗದ ಗಿಡದ ಮಾತು ಬೇರೆ. ಉಳಿದವು ಆರೋಗ್ಯವಾಗಿಯೇ ಇದ್ದವು, ಆದರೂ ನನಗೆ ಬೇಡವಾಗಿದ್ದವು. ಬ್ಲೂ ಮೂನ್ ಅಂತ ಒಂದಿದೆ. ಹೆಸರು ನೀಲಿ, ಹೂ ತಿಳಿ ನೇರಳೆ. ಒಳ್ಳೇ ಪರಿಮಳ. ಜರ್ಮನಿಯಲ್ಲಿ 1960ರ ದಶಕದಲ್ಲಿ ಬಂದ ತಳಿ. ಅಲ್ಲಿಯ ಬಿಸಿಲಿಗೆ ಅದು ಎಷ್ಟು ಚೆಂದವೋ, ನಮ್ಮ ಬಿಸಿಲಿಗೆ ಅಷ್ಟೇ ಪಾಪ. ಬೆಳಿಗ್ಗೆ ಬಿರಿದ ಮೊಗ್ಗು ಸಂಜೆಗೆ ಬಣ್ಣ ಬಿಟ್ಟು ಬೂದಿಯಾಗಿರುತ್ತದೆ. ನಾವು ನರ್ಸರಿಯಲ್ಲಿ ಕೊಳ್ಳುವ ದೊಡ್ಡ ಹೂವಿನ ಗುಲಾಬಿಗಳಲ್ಲಿ ಬಹಳಷ್ಟು ಹೀಗೇ ತಂಪು ದೇಶದವು. ಕೊಡೈಕೆನಾಲಿನಲ್ಲಿ ನೆಲೆಸಿದ ನಿವೃತ್ತ ಐಎಎಸ್ ಅಧಿಕಾರಿ ಎಂ.ಎಸ್. ವೀರರಾಘವನ್ ನಮ್ಮ ದೇಶದ್ದೇ ಕಾಡುಗುಲಾಬಿ ರೋಸಾ ಕ್ಲೈನೋಫಿಲ್ಲಾವನ್ನು ಬೆರಸಿ, ಬಿಸಿ ಊರುಗಳಿಗೆ ಒಗ್ಗುವ ತಳಿ ಮಾಡಲು ವರ್ಷಗಟ್ಟಲೆ ದುಡಿದಿದ್ದಾರೆ. ಆದರೆ ನಮ್ಮ ಬೀದಿಗೆ ಬರುವ ಗಿಡದ ಗಾಡಿಯಲ್ಲಿ ಅಂಥದ್ದನ್ನು ನಾನು ನೋಡಿಲ್ಲ. ಗಾಡಿಯವರು ತರುವುದು ಆಂಧ್ರದ ಕಡಿಯಂ ಕಡೆಯ ಗಿಡ. ಬೇರಿಗೆ ಗಟ್ಟಿ ಜೇಡಿಮಣ್ಣಿನ ಉಂಡೆ ಮೆತ್ತಿರುತ್ತಾರೆ. ಆ ಉಂಡೆಯನ್ನು ನೀರಲ್ಲಿ ನೆನೆಸಿ ಬಿಡಿಸದೆ ನೆಟ್ಟರೆ ಸುತ್ತಲಿನ ಮಣ್ಣು ಒದ್ದೆಯಾಗುತ್ತದೆ, ಉಂಡೆ ಒಳಗೆ ಒಣಗಿಯೇ ಇರುತ್ತದೆ. ಅತ್ತಿಗೆಯ ಕುಂಡಗಳಲ್ಲಿ ಒಂದೆರಡನ್ನು ಕೆದರಿದಾಗ ಆ ಉಂಡೆ ವರ್ಷಗಳ ನಂತರವೂ ಹಾಗೇ ಇತ್ತು.

ಇನ್ನೊಂದು ಗಿಡದ ಕಥೆ ತಮಾಷೆಯದು. ಅದು ಒಂದು ಕಾಲದಲ್ಲಿ ಹಳದಿ ಹೂವಿನ ಕಸಿ ಗಿಡ. ಕಸಿಯ ಗಂಟಿನ ಕೆಳಗಿನಿಂದ ಚಿಗುರು ಹೊರಟು, ಅದನ್ನು ಯಾರೂ ಮುರಿಯದೆ ಬಿಟ್ಟು, ಮೇಲಿನ ಹಳದಿ ಸತ್ತು, ಈಗ ಬುಡದ ಗಿಡವೇ ಯಜಮಾನ. ಬುಡ ಎಡ್ವರ್ಡ್ ರೋಸ್. ತಿಳಿ ಗುಲಾಬಿ ಬಣ್ಣ, ಗೊಂಚಲು ಗೊಂಚಲು, ಮೂಗು ತುಂಬುವ ವಾಸನೆ. ಎರಡು ದಿನಕ್ಕೆ ಉದುರುತ್ತದೆ. ಕಸಿ ಕಟ್ಟುವವರಿಗೆ ಬುಡ ಅಂದರೆ ಬರೀ ಕಾಲು, ಅದಕ್ಕೆ ಹೆಸರೂ ಇಲ್ಲ. ಆದರೆ ಇದರ ವಂಶ ದೊಡ್ಡದು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಅದನ್ನು ಬೂರ್ಬೋನ್ ಅಂತ ಕರೆಯುತ್ತಿದ್ದ ಕಾಲದಲ್ಲಿ, 19ನೇ ಶತಮಾನದ ಆರಂಭಕ್ಕೆ ಹೆಸರಾದ ಗುಲಾಬಿ ಕುಲ ಇದು. ನಮ್ಮ ಬಿಸಿಲನ್ನೂ ನಮ್ಮ ಮಣ್ಣನ್ನೂ ತಡೆದುಕೊಳ್ಳುತ್ತದೆ ಅಂತಲೇ ಅದನ್ನು ಬುಡವಾಗಿ ಇಟ್ಟುಕೊಂಡದ್ದು. ನನಗದು ಬೇಡವಾಗಿತ್ತು. ಎತ್ತರಕ್ಕೆ ಹೋಗಿ, ಮುಳ್ಳಿನಿಂದ ದಾರಿ ಕಟ್ಟಿ, ಒಣಗುವ ಬಟ್ಟೆ ಹರಿಯುತ್ತಿತ್ತು. ದಿನಾ ದೇವರಿಗೆ ಹೂ ಏರಿಸುವ ನಮ್ಮ ಬೀದಿಯ ಒಬ್ಬ ಅಜ್ಜಿ ಅದನ್ನೇ ಕೇಳಿದರು. ಉಳಿದ ದೊಡ್ಡ ಹೂವಿನ ಗಿಡ ತೋರಿಸಿದರೆ ‘ಅವೇನು, ತಿಂಗಳಿಗೊಂದು ಹೂ ಬಿಡೋವು’ ಅಂದುಬಿಟ್ಟರು. ನಾನು ಗಿಡ ಕೀಳಲೂ ಇಲ್ಲ. ಎಡ್ವರ್ಡ್ ಕಡ್ಡಿ ನೆಟ್ಟರೆ ಹತ್ತುತ್ತದೆ. ನಾಲ್ಕು ಕಡ್ಡಿ ಕೊಟ್ಟೆ, ಸಾಕಾಯಿತು. ಗಿಡವೇ ಬೇಕು ಅಂತ ಇನ್ನೊಬ್ಬರು ಬಂದು ಆಮೇಲೆ ಒಯ್ದರು.

ಹುಲಿಗೆಮ್ಮನ ಭಕ್ತರ ನಡುವೆ ಒಂದು ಗಿಡ

ಬ್ಲೂ ಮೂನ್ ಹೋದದ್ದು ಕೊಪ್ಪಳಕ್ಕೆ. ಅಲ್ಲಿ ಗೆಳತಿಯೊಬ್ಬಳ ಮನೆ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿದೆ. ಪೂರ್ವದ ಗೋಡೆ, ಪಡುವಣಕ್ಕೆ ದೊಡ್ಡ ಬೇವಿನ ಮರ. ಹನ್ನೆರಡರ ಮೇಲೆ ಬಿಸಿಲು ಇಲ್ಲ. ಸಂಕ್ರಾಂತಿ ಕಳೆದ ಮೇಲೆ, ಚಳಿ ಇನ್ನೂ ಇರುವಾಗ ಒಯ್ದೆ. ಹಿಂದಿನ ದಿನ ಸಂಜೆ ಚೆನ್ನಾಗಿ ನೀರು ಕೊಟ್ಟು, ಬೆಳಿಗ್ಗೆ ಕೊಂಬೆಗಳನ್ನು ಮೊಣಕಾಲಿಗಿಂತ ಕೆಳಗೆ ಕತ್ತರಿಸಿ, ಒಂದೇ ಒಂದು ಕೊಂಬೆಯನ್ನು ಮೊಗ್ಗಿದೆ ಅಂತ ಬಿಟ್ಟೆ. ಕುಂಡದಿಂದ ತೆಗೆದು ಅಂಗಳದ ಎರೆಯಲ್ಲಿ ನೆಟ್ಟಿದ್ದರಿಂದ ಹದ ನೋಡಿ ಅಗೆಯಬೇಕಿತ್ತು. ತೀರಾ ಹಸಿ ಇದ್ದರೆ ಗುದ್ದಲಿಗೆ ಅಂಟುತ್ತದೆ, ಒಣಗಿದ್ದರೆ ಬಿರುಕಿನ ಜೊತೆ ಬೇರೂ ಹರಿಯುತ್ತದೆ. ಸುತ್ತ ಅಗೆದು, ಮಣ್ಣು ಸಮೇತ ಎತ್ತಿ, ಒದ್ದೆ ಗೋಣಿ ಚೀಲದಲ್ಲಿ ಕಟ್ಟಿ ಹುಬ್ಬಳ್ಳಿ ಕಡೆಯ ರೈಲು ಹತ್ತಿದೆ.

ಮಂಗಳವಾರ. ಹೊಸಪೇಟೆಯಲ್ಲಿ ಬೋಗಿ ತುಂಬಿತು. ಹುಲಿಗೆಮ್ಮನ ದರ್ಶನಕ್ಕೆ ಹೊರಟವರು, ಕೈಯಲ್ಲಿ ಕಾಯಿ, ಕುಂಕುಮ, ಹಸಿರು ಬಳೆ. ಎದುರು ಕೂತ ಹೆಂಗಸೊಬ್ಬಳು ಬಹಳ ಹೊತ್ತು ಗೋಣಿ ಚೀಲ ನೋಡಿ ಕೇಳಿದಳು. ‘ಮಾರಾಕ ಒಂಟೀರೇನ್ರೀ?’ ಇಲ್ಲ, ಗೆಳತಿಗೆ ಕೊಡೋಕೆ ಅಂದೆ. ‘ನಿಮಗ ಬ್ಯಾಡಾತೇನು?’ ಹೌದು ಅಂದೆ. ‘ಯಾಕ?’ ಹೂ ಬಿಸಿಲಿಗೆ ನಿಲ್ಲಲ್ಲ ಅಂದೆ. ‘ಅದನ್ನ ಆಕಿಗೆ ಹೇಳೀರಿಲ್ಲೋ?’ ಹೇಳಿದೀನಿ ಅಂದ ಮೇಲೇ ಅವಳ ವಿಚಾರಣೆ ಮುಗಿದದ್ದು. ಅಷ್ಟರಲ್ಲಿ ಪಕ್ಕದವರಿಗೆಲ್ಲ ವಿಷಯ ಬೇಕಾಯಿತು. ಮುಳ್ಳಿನ ಗಿಡ ಗೆಳತಿಗೆ ಕೊಡಬಾರದು, ಜಗಳ ಬರುತ್ತದೆ ಅಂತ ಒಬ್ಬ ಮುದುಕರು. ಗುಲಾಬಿಗೆ ಅದು ಲೆಕ್ಕ ಇಲ್ಲ ಅಂತ ಇನ್ನೊಬ್ಬರು. ಕೊನೆಗೆ ಆ ಹೆಂಗಸೇ ತೀರ್ಪು ಕೊಟ್ಟಳು: ‘ಆಕಿ ಕಡಿಂದ ಒಂದು ರೂಪಾಯಿ ಇಸ್ಕೊಳ್ರಿ. ಕೊಟ್ಟದ್ದಲ್ಲ, ಮಾರಿದ್ದು ಅಂತ ಆಗತೈತಿ.’ ಅವರೆಲ್ಲ ಇಳಿಯುವ ಮುನಿರಾಬಾದ್ ಬರುವ ಹೊತ್ತಿಗೆ ಅವಳ ಕಣ್ಣು ಆ ಒಂದು ಮೊಗ್ಗಿನ ಮೇಲಿತ್ತು. ‘ಅವ್ವಗ ಏರಸ್ತೀನ್ರಿ’ ಅಂದಳು. ಕಿತ್ತು ಕೊಟ್ಟೆ. ಹೇಗೂ ಅದನ್ನು ಕತ್ತರಿಸಲೇಬೇಕಿತ್ತು. ಕಿತ್ತು ನೆಡುವ ಗಿಡದಲ್ಲಿ ಮೊಗ್ಗು ಇಟ್ಟುಕೊಳ್ಳಬಾರದು.

ಗೆಳತಿಗೆ ರೂಪಾಯಿಯ ವಿಷಯ ಹೇಳಿದೆ. ಅವಳು ನಕ್ಕು ಹತ್ತರ ನಾಣ್ಯ ಕೊಟ್ಟು, ಚಿಲ್ಲರೆ ಕೇಳಿದಳು. ಶಾಸ್ತ್ರ ಅಂತ ನಾವಿಬ್ಬರೂ ತಮಾಷೆ ಮಾಡಿದೆವು. ಆದರೆ ವಾಪಸು ಬರುವಾಗ ಆ ರೂಪಾಯಿಯಲ್ಲಿ ಏನೋ ಬುದ್ಧಿ ಇದೆ ಅನಿಸಿತು. ದುಡ್ಡು ಕೊಟ್ಟು ತಂದ ಗಿಡ ಚೆನ್ನಾಗಿಲ್ಲದಿದ್ದರೆ ಬೈಯಬಹುದು, ಕಿತ್ತು ಎಸೆಯಬಹುದು, ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಪುಕ್ಕಟೆ ಬಂದದ್ದನ್ನು ಹಾಗೆ ಮಾಡಲು ಕೈ ಬರುವುದಿಲ್ಲ. ಕೊಟ್ಟವರು ಬಂದಾಗ ಅದು ಕಾಣುವ ಜಾಗದಲ್ಲಿ ಇರಬೇಕು. ಸತ್ತರೆ ಕಥೆ ಕಟ್ಟಬೇಕು. ಅತ್ತಿಗೆ ನನ್ನಿಂದ ಕುಂಡಕ್ಕೆ ಒಂದು ರೂಪಾಯಿ ತಗೊಂಡಿದ್ದರೆ ಅರ್ಧ ಗಿಡಗಳನ್ನು ನಾನು ಮೊದಲ ಬೇಸಿಗೆಯಲ್ಲೇ ತೆಗೆಯುತ್ತಿದ್ದೆ. ಈಗ ಗಿಡ ಒಯ್ಯುವವರಿಗೆ ನಾನು ಎರಡು ಮಾತು ಹೇಳುತ್ತೇನೆ. ಮೊದಲು ಕೊರೆ. ಆಮೇಲೆ, ‘ಇದು ಸತ್ತರೆ ನನಗೆ ಹೇಳಬೇಡಿ, ನಾನೂ ಕೇಳಲ್ಲ.’ ಎರಡನೆಯದನ್ನು ಕೇಳಿ ಜನರ ಭುಜ ಸ್ವಲ್ಪ ಇಳಿಯುವುದು ಕಾಣುತ್ತದೆ.

ಅತ್ತಿಗೆಯ ಫೋನು

ಇಷ್ಟಾದ ಮೇಲೆ ಅತ್ತಿಗೆಗೆ ಗೊತ್ತಾಗದೆ ಇರುತ್ತದೆಯೇ? ಫೋನು ಬಂತು. ‘ಗಿಡ ಹೇಗಿದಾವೆ?’ ಒಂದೊಂದಾಗಿ ಹೇಳಿದೆ. ಇದು ಮೋಕಾ ರೋಡಿಗೆ, ಇದು ಕೊಪ್ಪಳಕ್ಕೆ, ಇವೆರಡು ಸುಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೇಜಾರಾಯಿತೇನೋ ಅಂದುಕೊಂಡೆ. ಆಮೇಲೆ, ‘ಬ್ಲೂ ಮೂನ್ ನನಗೂ ಅರಳ್ತಿರಲಿಲ್ಲ ಕಣೆ’ ಅಂದಳು. ಮತ್ತೆ ಯಾಕೆ ಆಗಲೇ ಹೇಳಲಿಲ್ಲ ಅಂದೆ. ‘ಹೇಳಿದ್ರೆ ನೀನು ತಗೋತಿದ್ಯಾ?’

ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಕೊರೆ ಹೇಳಿದರೆ ಗಿಡ ಹೋಗುವುದಿಲ್ಲ, ಹೇಳದಿದ್ದರೆ ಹೋದದ್ದು ಗಿಡ ಅಲ್ಲ, ಹೊರೆ. ನಾನು ಹೇಳಿಯೇ ಕೊಡುವ ಕಡೆಗಿದ್ದೇನೆ. ಅದರ ಬೆಲೆ ಗೇಟಿನ ಪಕ್ಕ ನಿಂತಿದೆ. ಈ ಮನೆ ಕೊಂಡಾಗಲೇ ಇದ್ದ ಹಬ್ಬುವ ಗುಲಾಬಿ, ಕೆಂಪು ಸಣ್ಣ ಹೂವಿನದು. ಬಂದವರೆಲ್ಲ ಮೆಚ್ಚುತ್ತಾರೆ, ನಾನು ಮಾತು ಶುರು ಮಾಡಿದ ಮೇಲೆ ಯಾರೂ ಒಯ್ಯುವುದಿಲ್ಲ. ಹೇಳಿಬಿಡುತ್ತೇನೆ, ಕೇಳಿ. ಮುಳ್ಳು ಕೊಕ್ಕೆಯಂಥದ್ದು, ಗೇಟು ತೆಗೆದವರ ತೋಳು ಬಿಡುವುದಿಲ್ಲ. ವಾಸನೆ ಇಲ್ಲ. ಚಳಿಗಾಲ ಮುಗಿಯುವಾಗ ಒಂದು ಸಲ ಮೈತುಂಬ ಹೂ, ಆಮೇಲೆ ವರ್ಷವಿಡೀ ಎಲೆ. ಮಳೆ ಹಿಡಿದರೆ ಎಲೆಯ ಮೇಲೆ ಕಪ್ಪು ಚುಕ್ಕೆ. ಬೇರು ಆಳಕ್ಕೆ ಹೋಗಿದೆ, ಪೂರ್ತಿ ಬರುವುದಿಲ್ಲ, ಅರ್ಧ ಬೇರಿನಲ್ಲೇ ಬದುಕಬೇಕು. ನೀರು ಮಾತ್ರ ಕಡಿಮೆ ಸಾಕು. ದೀಪಾವಳಿ ಕಳೆದ ಮೇಲೆ ಬನ್ನಿ, ಅದಕ್ಕೂ ಮೊದಲು ಬೇಡ. ನೆಟ್ಟ ಮೇಲೆ ಹದಿನೈದು ದಿನ ನೆರಳು ಕಟ್ಟಬೇಕು. ಗುದ್ದಲಿ, ಕತ್ತರಿ ನಮ್ಮಲ್ಲಿವೆ. ಗೋಣಿ ಚೀಲ ಮತ್ತು ದಪ್ಪ ಕೈಗವಸು ನೀವೇ ತನ್ನಿ.